ಅಂಕಿಗೊಂದು ಹೆಸರಿಡುವ ಡ್ಯೂಟಿ ಅಕ್ಕ

ಬೆಳಕು ಹರಿಯುವ ಮುನ್ನವೇ ಬಸ್ ಡಿಪೋದ ಒಂದು ಕಿಟಕಿಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ಸ್ವೆಟರ್ ತೊಟ್ಟ ಗುಮಾಸ್ತೆಯೊಬ್ಬರು ಕಂಪ್ಯೂಟರಿನ ಧೂಳು ಒರೆಸಿ, ಸ್ಪ್ರೆಡ್‌ಶೀಟ್ ತೆರೆದು ಒಂದು ಗುಂಡಿ ಒತ್ತುತ್ತಾರೆ. ಯಾವ ಚಾಲಕ, ಯಾವ ಬಸ್ಸು, ಯಾವ ದಾರಿ ಎಂಬ ಹಾಳೆ ಪ್ರಿಂಟರಿನಿಂದ ಹೊರಬರುತ್ತದೆ. “ಅಕ್ಕಾ, ನಂಗೆ ಮತ್ತೆ ಆ ಲಟಾರಿ ಬಸ್ಸೇನಾ?” ಎಂದು ಚಾಲಕನೊಬ್ಬ ಕಿಟಕಿಯಲ್ಲಿ ತಲೆ ತೂರಿಸುತ್ತಾನೆ. “ಅದಕ್ಕೂ ನಿನ್ ಮೇಲೇ ಪ್ರೀತಿ ಕಣಪ್ಪ, ನಾನೇನ್ ಮಾಡ್ಲಿ?” ಎನ್ನುತ್ತಾರೆ ಎಲ್ಲರ ಡ್ಯೂಟಿ ಅಕ್ಕ.

ಆ ಗುಂಡಿಯ ಹಿಂದೆ ಇರುವುದು ಮ್ಯಾಕ್ರೊ. ಸ್ಪ್ರೆಡ್‌ಶೀಟ್ ತಾನಾಗಿಯೇ ಕೆಲಸ ಮಾಡಲೆಂದು ಬರೆದಿಟ್ಟ ಆದೇಶಗಳ ಸಾಲು. ಅದನ್ನು ಮೊದಲು ಬರೆದವರು ಅಕ್ಕನಿಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು. ಹಾಡು ಗುನುಗುತ್ತಲೇ ಬರೆದು ಮುಗಿಸುತ್ತಿದ್ದರಂತೆ. “ಎಂಟು, ಹತ್ತು, ಎರಡು, ಒಂದು... ಬರೀ ಅಂಕಿ, ಮಧ್ಯೆ ಕಾಮಾ. ಯಾವುದು ಏನು ಸಾರ್ ಅಂದ್ರೆ, ‘ಎಲ್ಲಾ ಇಲ್ಲಿದೆ ಕಣಮ್ಮ’ ಅಂತ ತಲೆ ಮುಟ್ಟಿ ತೋರಿಸೋರು.” ಹೇಳುವಾಗ ಅಕ್ಕನ ಮುಖ ಅರಳುತ್ತದೆ. ಕಾಲು ಅಲ್ಲಾಡುವ ಕುರ್ಚಿ, ಅರ್ಧರ್ಧ ಹಂಚಿಕೊಂಡ ಟೀ, ಕರ್ರೋ ಎನ್ನುವ ಹಳೆಯ ಪ್ರಿಂಟರು. ಆ ದಿನಗಳ ಮೇಲೆ ಅವರಿಗೆ ಇಂದಿಗೂ ಮೋಹ.

ಆ ಹಿರಿಯರಿಗೆ ಪಾರ್ಶ್ವವಾಯು ಹೊಡೆಯಿತು. ಅದೇ ವರ್ಷ ಚಾಲಕರ ವಿಶ್ರಾಂತಿಯ ನಿಯಮ ಬದಲಾದಾಗ ಎಂಟನ್ನು ತಿದ್ದಬೇಕೋ ಹತ್ತನ್ನೋ ಯಾರಿಗೂ ತಿಳಿಯಲಿಲ್ಲ. ತಪ್ಪಿದರೆ ನಿದ್ದೆಗೆಟ್ಟವನ ಕೈಗೆ ಬಸ್ಸು ಕೊಟ್ಟಂತೆ. ಕೊನೆಗೆ ಹಿರಿಯರನ್ನೇ ಕರೆತಂದು ಕೂರಿಸಿದರು. ಅವರು ತಮ್ಮದೇ ಸಾಲುಗಳನ್ನು ಬಹಳ ಹೊತ್ತು ನೋಡಿ, “ಇದ್ಯಾರಮ್ಮ ಬರೆದಿದ್ದು? ಒಂದೂ ಅರ್ಥ ಆಗಲ್ವಲ್ಲ” ಎಂದರು.

“ಗೊತ್ತಿಲ್ಲ ಸಾರ್ ಅಂದ್ಬಿಟ್ಟೆ. ಇನ್ನೇನ್ ಹೇಳ್ಲಿ?” ಎನ್ನುತ್ತಾರೆ ಅಕ್ಕ.

ಹಳೆಯ ಡ್ಯೂಟಿ ಹಾಳೆಗಳೊಂದಿಗೆ ತಾಳೆ ನೋಡಿ ಒಂದೊಂದೇ ಅಂಕಿಯ ಅರ್ಥವನ್ನು ಅಕ್ಕನೇ ಪತ್ತೆ ಹಚ್ಚಿದರು, ಮ್ಯಾಕ್ರೊವನ್ನು ಹೊಸದಾಗಿ ಬರೆದರು. ಈಗ ಅದರಲ್ಲಿ ಒಂಟಿ ಅಂಕಿಯೇ ಇಲ್ಲ. ‘ವಿಶ್ರಾಂತಿಯ ಗಂಟೆ’ ಎಂಬ ಹೆಸರು, ಎರಡು ಚುಕ್ಕಿ, ಸಮ ಚಿಹ್ನೆ, ಆಮೇಲೆ ಹತ್ತು. ಹೆಸರು ಜೊತೆಗಿರುವುದರಿಂದ ಅಂಕಿಗಳ ಸರದಿ ಹಿಂದುಮುಂದಾದರೂ ಲೆಕ್ಕ ತಪ್ಪುವುದಿಲ್ಲ. “ಏನಕ್ಕಾ, ಮೂಗಿಗಿಂತ ಮೂಗುತಿನೇ ಭಾರ ಆಯ್ತಲ್ಲ!” ಎಂದು ಮ್ಯಾನೇಜರು ಕಾಡಿಸುತ್ತಾರೆ. ಅಕ್ಕ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮುಂದಿನ ತಿಂಗಳು ಅವರಿಗೆ ನಿವೃತ್ತಿ. ತಾವು ಹೋದಮೇಲೆ ತಮ್ಮ ಬರಹವೂ ಯಾರಿಗೂ ತಿಳಿಯದಂತಾದೀತೇ ಎಂಬ ಅಳುಕು ಇದ್ದೇ ಇತ್ತು. ಮೊನ್ನೆ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದಾಗಲೇ ನಿಯಮ ಮತ್ತೆ ಬದಲಾಗಿ ವಿಶ್ರಾಂತಿಯ ಗಂಟೆ ಹತ್ತರಿಂದ ಹನ್ನೊಂದಕ್ಕೇರಿತು. ಮ್ಯಾಕ್ರೊ ಎಂದರೆ ಮಾರು ದೂರ ನಿಲ್ಲುತ್ತಿದ್ದ ಉಗ್ರಾಣದ ಗುಮಾಸ್ತ ಅದನ್ನು ತೆರೆದು, ಹೆಸರು ಓದಿ, ಅಂಕಿ ತಿದ್ದಿದ.

“ಕಣ್ಣಿಗೆ ಪಟ್ಟಿ ಕಟ್ಕೊಂಡು, ಫೋನ್ ಮಡಿಲಲ್ಲಿಟ್ಕೊಂಡು ಕಾಯ್ತಾ ಇದ್ದೆ. ಎಲ್ಲಿ ತಿದ್ಬೇಕು ಅಂತ ಕೇಳೋಕೆ ಯಾರೂ ಮಾಡ್ಲೇ ಇಲ್ಲ. ಬೇಜಾರಾಯ್ತು, ಸುಳ್ಳ್ಯಾಕೆ ಹೇಳ್ಲಿ. ಅಷ್ಟೊತ್ತಿಗೆ ನಮ್ಮನೆ ಮುಂದೆ ಮೊದಲನೇ ಬಸ್ಸು ಹೋದ ಸದ್ದು ಕೇಳಿಸ್ತು. ನಾನಿಲ್ದೇನೇ ಹೊರಟಿತ್ತು ನೋಡಿ!”