ಹೊಲಿಗೆ ಮಿಷನ್ನಿನ ಕೂರಿಗೆ

ತುಕ್ಕಣ್ಣನ ಎದುರು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲಾಡದೆ ನಿಲ್ಲಬಾರದು, ನಿಂತರೆ ಬಿಚ್ಚಿ ಗುದ್ದಲಿ ಮಾಡಿಬಿಡುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ತಮಾಷೆಯ ಮಾತಾದರೂ ಪೂರ್ತಿ ಸುಳ್ಳಲ್ಲ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ವೆಲ್ಡರ್ ಆಗಿದ್ದು ನಿವೃತ್ತನಾದ ಮೇಲೆ ಅವನು ಮನೆಗೆ ತಾಗಿದ ತಗಡಿನ ಶೆಡ್ಡಿನಲ್ಲಿ ಗುಜರಿ ಕಬ್ಬಿಣದಿಂದ ಹೊಲದ ಸಾಮಾನು ಮಾಡುತ್ತಿದ್ದ. ಲಾರಿಯ ಮುರಿದ ಪಟ್ಟಿ ಅವನ ಕೈಗೆ ಬಂದರೆ ಕುಡುಗೋಲು. ಸೈಕಲ್ಲಿನ ಮುಂದಿನ ಚಕ್ರಕ್ಕೆ ಎರಡು ಹಿಡಿಕೆ, ಒಂದು ಅಲಗು ಕೂಡಿದರೆ ಕಳೆ ಕೀಳುವ ಗಾಡಿ. ಆಸ್ಪತ್ರೆಯವರು ಎಸೆದ ಮಂಚದ ಕೊಳವೆಗಳಿಂದ ಒಮ್ಮೆ ಕುಂಟೆ ಮಾಡಿದ್ದ. ಅದನ್ನು ಎಳೆಯುವಾಗ ಮಲಗೋಣ ಅನ್ನಿಸುತ್ತದೆ ಎಂದು ಕೊಂಡವನು ದೂರು ತಂದಿದ್ದ. ಅಂಗಡಿಯ ದೊಡ್ಡ ಯಂತ್ರಗಳು ಹೊರಳಾಡಲೂ ಆಗದಷ್ಟು ಸಣ್ಣ ಹೊಲದವರೆಲ್ಲ ಅವನ ಹತ್ತಿರವೇ ಬರುತ್ತಿದ್ದರು.

ಅವನಿಗೆ ತನ್ನದೇ ಒಂದು ಕಾನೂನಿತ್ತು. ವರ್ಷವಿಡೀ ಅಲ್ಲಾಡದೆ ನಿಂತದ್ದು ಗುಜರಿ. ಅದು ಯಾರದ್ದು, ಎಲ್ಲಿದ್ದದ್ದು, ಏನಾಗಿತ್ತು ಎಂಬುದೆಲ್ಲ ಆಮೇಲಿನ ಮಾತು. ಹಾಗೆಂದು ಕಳ್ಳನಲ್ಲ. ಕೇಳಿಯೇ ಒಯ್ಯುತ್ತಿದ್ದ. ಎದುರು ಮನೆಯ ಕಂಡಕ್ಟರನ ಗೇಟನ್ನೂ ಅವನು ಕೇಳಿಯೇ ಒಯ್ದದ್ದು. ಕೇಳದೆ ತೆಗೆದುಕೊಂಡದ್ದು ಜೀವಮಾನದಲ್ಲಿ ಒಂದೇ ಒಂದು, ಅದೂ ಸ್ವಂತ ಮನೆಯೊಳಗಿನಿಂದ. ಸ್ವಂತ ಮನೆಯಲ್ಲಿ ಯಾರನ್ನು ಕೇಳುವುದು ಎಂದುಕೊಳ್ಳುವ ಗಂಡಸರು ಲೋಕದಲ್ಲಿ ಅವನೊಬ್ಬನೇ ಅಲ್ಲ ಬಿಡಿ.

ಅವನ ಹೆಂಡತಿಯದ್ದೊಂದು ಹೊಲಿಗೆ ಮಿಷನ್ ಇತ್ತು, ಕಾಲಲ್ಲಿ ತುಳಿಯುವಂಥದ್ದು. ಇಪ್ಪತ್ತೆರಡು ವರ್ಷ ಬೀದಿಯ ಮಕ್ಕಳ ಶಾಲೆ ಬಟ್ಟೆಯೆಲ್ಲ ಅದರ ಸೂಜಿಯಡಿಯಿಂದಲೇ ಹಾದುಹೋಗಿತ್ತು. ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ನೂಲು ಸೂಜಿಯ ಕಣ್ಣು ಬಿಟ್ಟು ಅಕ್ಕಪಕ್ಕದಲ್ಲೆಲ್ಲ ಹೋಗತೊಡಗಿದಾಗ ಒಂದು ದಿನ ಮಿಷನ್ನಿನ ಮೇಲೆ ಬಟ್ಟೆ ಹೊದೆಸಿದಳು. ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಬಂತು, ಅದರ ಪಕ್ಕ ಮಾತ್ರೆಯ ಡಬ್ಬಿ, ಡಬ್ಬಿಯಡಿ ಕರೆಂಟಿನ ಬಿಲ್ಲು. ಹೀಗೆ ನಾಲ್ಕು ವರ್ಷ ಕಳೆಯಿತು. ಅದು ಗೋಡೆಯ ಭಾಗವೇ ಆಗಿಹೋಗಿತ್ತು.

ಆ ವರ್ಷ ಕಣ್ಣಿನ ಆಪರೇಷನ್ನಿಗೆಂದು ಅವಳು ನಗರದಲ್ಲಿದ್ದ ತಂಗಿಯ ಮನೆಗೆ ಹೋದಳು. ತಂಗಿಗೆ ಅಲ್ಲಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಇದ್ದದ್ದು ಒಂದೇ ಕೋಣೆ, ಅಲ್ಲಿ ಭಾವನಿಗೆ ಜಾಗವಿಲ್ಲ. ಮೂರು ವಾರ ತುಕ್ಕಣ್ಣ ಒಬ್ಬನೇ ಇದ್ದ. ಮಕ್ಕಳಿಲ್ಲದ ಮನೆ, ಮಾತಿಗೂ ಯಾರೂ ಇಲ್ಲ. ಆಗ ಹುರುಳಿಕಾಯಿ ಬೆಳೆಯುವ ಹೆಂಗಸೊಬ್ಬಳು ಶೆಡ್ಡಿಗೆ ಬಂದಳು. ಬಗ್ಗಿ ಬಗ್ಗಿ ಬೀಜ ಊರಿ ಸೊಂಟ ಬಿದ್ದುಹೋಗಿದೆ, ನಿಂತುಕೊಂಡೇ ತಳ್ಳುವಂಥ ಕೂರಿಗೆ ಬೇಕು, ಗೇಣಿಗೊಂದೇ ಬೀಜ ಬೀಳಬೇಕು ಎಂದಳು. ಒಂದೇ ಬೀಜ ಎನ್ನುವುದು ಹೇಳಿದಷ್ಟು ಸುಲಭವಲ್ಲ. ಅದಕ್ಕೆ ಒಂದಕ್ಕೊಂದು ಅಚ್ಚುಕಟ್ಟಾಗಿ ಕಚ್ಚಿಕೊಳ್ಳುವ ಎರಡು ಸಣ್ಣ ಹಲ್ಲುಚಕ್ರ ಬೇಕು. ನಾಲ್ಕು ದಿನ ತಲೆ ಕೆಡಿಸಿಕೊಂಡ. ಐದನೆಯ ದಿನ ಒಳಗೆ ಕೂತು ಟೀ ಕುಡಿಯುವಾಗ ಕಣ್ಣು ಮೂಲೆಗೆ ಹೋಯಿತು.

ಕಣ್ಣು ಹೋದ ಕಡೆ ಕೈ ಹೋಯಿತು. ಮಿಷನ್ನಿನ ಕೆಳಗಿನ ದೊಡ್ಡ ಚಕ್ರ ಕೂರಿಗೆಯ ಗಾಲಿಯಾಯಿತು, ಕಾಲಿನ ಚೌಕಟ್ಟು ಹಿಡಿಕೆಯಾಯಿತು. ತಲೆಭಾಗ ಒಡೆದು ಉದ್ದದ ದಂಡ, ಹಲ್ಲುಚಕ್ರ ಎರಡನ್ನೂ ಹೊರಗೆ ತೆಗೆದ. ಜೀವನದಲ್ಲಿ ಅಷ್ಟು ಒಳ್ಳೆಯ ಸಾಮಾನು ಅವನು ಮಾಡಿರಲಿಲ್ಲ. ತಳ್ಳಿದರೆ ಲೆಕ್ಕ ಹಾಕಿದಂತೆ ಗೇಣಿಗೊಂದು ಬೀಜ. ಆ ಹೆಂಗಸು ಖುಷಿಯಿಂದ ಒಯ್ದಳು. ಹೆಂಡತಿ ಬಂದ ಮೇಲೆ ಹೇಳಬೇಕು, ಅವಳೂ ಮೆಚ್ಚುತ್ತಾಳೆ ಎಂದೇ ಅವನು ಅಂದುಕೊಂಡಿದ್ದ. ಅದೇ ಅವನ ತಪ್ಪಿನ ಆಳ.

ಕಪ್ಪು ಕನ್ನಡಕ ಹಾಕಿಕೊಂಡು, ತಂಗಿಯ ಕೈ ಹಿಡಿದು ಅವಳು ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಕನ್ನಡಕ ತೆಗೆದು ಮೊದಲು ನೋಡಿದ್ದು ಆ ಮೂಲೆಯನ್ನು. ನೆಲದ ಮೇಲೆ ಇಸ್ತ್ರಿಪೆಟ್ಟಿಗೆ, ಮಾತ್ರೆಯ ಡಬ್ಬಿ, ಬಿಲ್ಲು.

"ಮಿಷನ್ ಎಲ್ಲಿ?"

"ಸುಮ್ನೆ ಬಿದ್ದಿತ್ತಲ್ಲ ಅಂತ ಒಂದು ಕೂರಿಗೆ ಮಾಡ್ದೆ. ಎಷ್ಟು ಚೆನ್ನಾಗಿ ಬಂತು ಅಂದ್ರೆ..."

"ಬಿದ್ದಿರ್ಲಿಲ್ಲ ರೀ," ಅಂದಳು ಅವಳು. "ಇತ್ತು."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಅತ್ತರೆ ಹೊಸ ಕಣ್ಣಿಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅವನಿಗೆ ಅಲ್ಲಿಯವರೆಗೂ ಏನೂ ಹೊಳೆದಿರಲಿಲ್ಲ. ಹೊಳೆಸಿದವಳು ತಂಗಿ. "ಭಾವ, ಅಕ್ಕ ಕಣ್ಣು ಮಾಡಿಸ್ಕೊಂಡಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಮ ಮುಖ ನೋಡೋಕಾ? ನಿನ್ನೆ ಅಂಗಡಿಗೆ ಹೋಗಿ ಸೂಜಿ, ನೂಲು ಎಲ್ಲಾ ತಗೊಂಡಿದಾಳೆ."

ಸಂಜೆಯ ಬಸ್ಸಿಗೇ ಅವಳು ತಂಗಿಯ ಜೊತೆ ವಾಪಸ್ ಹೊರಟಳು. "ನಿಮ್ಮ ವೆಲ್ಡಿಂಗ್ ಹೊಗೆ ಕಣ್ಣಿಗೆ ಆಗಲ್ಲ. ಸ್ವಲ್ಪ ದಿನ ಅಲ್ಲೇ ಇರ್ತೀನಿ," ಅಂದಳು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಸುದ್ದಿ ಬೀದಿಗೆ ತಿಳಿಯಲು ಒಂದು ದಿನವೂ ಬೇಕಾಗಲಿಲ್ಲ. "ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ," ಅಂದ ಕಂಡಕ್ಟರ್. "ನಿನಗೆ ಕೈತುಂಬ ಕೆಲಸ ಇತ್ತಲ್ಲೋ ಮಾರಾಯ. ಆದ್ರೂ ಕೆತ್ತಿದೆಯಲ್ಲ." ಬೇರೆ ದಿನವಾಗಿದ್ದರೆ ತುಕ್ಕಣ್ಣ ನಗುತ್ತಿದ್ದ.

ಒಂದು ತಿಂಗಳಾಯಿತು. ಮನೆ ಭಣಗುಡುತ್ತಿತ್ತು. ಒಂದು ತಟ್ಟೆ, ಒಂದು ಲೋಟ ತೊಳೆದಿಡುವುದು ಎಷ್ಟು ಹೊತ್ತಿನ ಕೆಲಸ? ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ದಿನಾ ಫೋನ್ ಮಾಡುತ್ತಿದ್ದ. "ಊಟ ಆಯ್ತಾ?" "ಆಯ್ತು." "ಕಣ್ಣು?" "ಪರವಾಗಿಲ್ಲ." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳು ಫೋನ್ ಇಟ್ಟ ಮೇಲೂ ಅವನು ತನ್ನದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿರುತ್ತಿದ್ದ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯ ಹತ್ತಿರ ಎರಡನೆಯ ಮಾತು ಏನಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಲ್ಲದೆ ತನ್ನ ಕೈಲಾಗದು ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಿಷನ್ನನ್ನು ಮತ್ತೆ ಮಿಷನ್ ಮಾಡಿ ಒಯ್ದರೆ ಅವಳು ಬಂದಾಳು ಎಂದುಕೊಂಡ.

ಹುರುಳಿಕಾಯಿಯ ಹೆಂಗಸಿಗೆ ಸೈಕಲ್ ಚೈನಿನಿಂದ ಇನ್ನೊಂದು ಕೂರಿಗೆ ಮಾಡಿಕೊಂಡು ಹೋದ. ಅವಳು ಅದನ್ನು ಒಂದು ಸಾಲು ತಳ್ಳಿ ನೋಡಿ ತಲೆಯಾಡಿಸಿದಳು. ಒಮ್ಮೊಮ್ಮೆ ಎರಡು ಬೀಜ ಬೀಳುತ್ತಿತ್ತು.

"ಹೊಲದಲ್ಲಿ ಈಗ ಹದ ಇದೆ ಅಣ್ಣ. ಇನ್ನೂ ಅರ್ಧ ಬಿತ್ತೋದಿದೆ. ಮುಗಿದ ಮೇಲೆ ಹಳೇದನ್ನ ಒಯ್ಯಿ, ಬೇಡ ಅನ್ನಲ್ಲ. ಅಷ್ಟು ಅವಸರ ಇದ್ರೆ ನೀವೇ ತಳ್ಳಿ, ಬೇಗ ಮುಗಿಯುತ್ತೆ."

ತಳ್ಳಿದ. ಅಷ್ಟು ವರ್ಷ ಹೊಲದ ಸಾಮಾನು ಮಾಡಿದವನು ಹೊಲದಲ್ಲಿ ಅದನ್ನು ಹಿಡಿದು ನಡೆದದ್ದು ಅದೇ ಮೊದಲು. ಎರಡನೆಯ ಸಾಲಿನಲ್ಲಿ ಅವನ ಕಾಲು ನಿಂತುಬಿಟ್ಟಿತು. ಕೂರಿಗೆ ಕಟಕಟ ಎನ್ನುತ್ತಿತ್ತು. ಶೆಡ್ಡಿನ ಗದ್ದಲದಲ್ಲಿ ಅದು ಅವನಿಗೆ ಕೇಳಿಸಿರಲಿಲ್ಲ. ಅದೇ ಸದ್ದು. ಅವನು ಡಿಪೋದಿಂದ ಬರುವಾಗ ಬೀದಿಯ ತಿರುವಿನಲ್ಲೇ ಕೇಳುತ್ತಿದ್ದದ್ದು, ಭಾನುವಾರ ಅವನು ಮಲಗಿದ್ದಾಗ ಪಕ್ಕದಲ್ಲಿ ನಡೆಯುತ್ತಿದ್ದದ್ದು. ಮನೆಯಲ್ಲಿ ಆ ಸದ್ದು ನಿಂತು ನಾಲ್ಕು ವರ್ಷವಾಗಿತ್ತು. ನಿಂತದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಅದು ನಿಂತ ದಿನ ಅವಳಿಗೆ ಹೇಗಾಗಿತ್ತು ಎಂದು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವನಿಗೆ ಬಹಳ ನಾಚಿಕೆಯಾಯಿತು. ಬದುವಿನಲ್ಲಿದ್ದ ಹೆಂಗಸಿಗೆ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡು ಮತ್ತೆ ತಳ್ಳಿದ. ಎರಡು ದಿನದಲ್ಲಿ ಬಿತ್ತನೆ ಮುಗಿಯಿತು.

ಕಟ್ಟುವುದು ಒಡೆದಷ್ಟು ಸುಲಭವಲ್ಲ. ಮಿಷನ್ನಿನ ತಲೆ ಬೀಡು ಕಬ್ಬಿಣದ್ದು, ಬೆಸುಗೆ ಹಾಕಿದರೆ ಪಕ್ಕದಲ್ಲೇ ಸೀಳುತ್ತದೆ. ಮೂರು ಸಲ ಸೀಳಿತು. ನಾಲ್ಕನೆಯ ಸಲ ಹಿತ್ತಾಳೆ ಕರಗಿಸಿ ಕೂಡಿಸಿ, ಬೂದಿಯಲ್ಲಿ ಹೂತಿಟ್ಟು, ಎರಡು ದಿನ ಮುಟ್ಟದೆ ಕಾದ. ದಂಡವನ್ನು ಕೂರಿಗೆಗೆಂದು ನಾಲ್ಕು ಬೆರಳಿನಷ್ಟು ಕತ್ತರಿಸಿದ್ದ. ಹಳೇ ಸ್ಕೂಟರಿನ ಶಾಕ್‌ಅಬ್ಸಾರ್ಬರಿನಿಂದ ಲೇತಿನಲ್ಲಿ ಹೊಸ ದಂಡ ಕಡೆಸಿದ. ಹಲ್ಲುಗಳೊಳಗಿನ ಹೊಲದ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದ. ಕೂರಿಗೆ ಕುಡುಗೋಲು ಕೇಳಿಕೊಂಡು ಬಂದವರನ್ನೆಲ್ಲ ಹಾಗೇ ಕಳಿಸಿದ. ನಲವತ್ತು ದಿನ ಹಿಡಿಯಿತು. ನಲವತ್ತೊಂದನೆಯ ದಿನ ಮಿಷನ್ನನ್ನು ಹಾಸಿಗೆಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿಸಿದ. ಬರುವಾಗ ಇಬ್ಬರೂ ಒಟ್ಟಿಗೆ ಬರುತ್ತೇವೆ ಎಂದು ಎದುರು ಮನೆಯ ಕಂಡಕ್ಟರನಿಗೆ ಹೇಳಿಯೂ ಬಂದಿದ್ದ.

ತಂಗಿ ಕೆಲಸಕ್ಕೆ ಹೋಗಿದ್ದಳು. ಹೆಂಡತಿ ಕಿಟಕಿಯ ಬೆಳಕಿಗೆ ಕೂತು ಆಸ್ಪತ್ರೆಯ ಹರಿದ ದಿಂಬಿನ ಚೀಲಗಳನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಇನ್ನೂ ಒಂದು ರಾಶಿ. ಅವನನ್ನು ನೋಡಿದಳು, ಚೆನ್ನಾಗಿಯೇ ನೋಡಿದಳು. "ತುಂಬಾ ಇಳಿದುಹೋಗಿದೀರಿ," ಅಂದಳು. ಅವನು ಹಾಸಿಗೆ ಬಿಚ್ಚಿದ.

ಅವಳು ತಲೆಭಾಗದ ಹಿತ್ತಾಳೆ ಗೆರೆಯ ಮೇಲೆ ಬೆರಳಾಡಿಸಿದಳು. ಸ್ಟೂಲೆಳೆದು ಕೂತಳು. ಒಂದೇ ಸಲಕ್ಕೆ ಸೂಜಿಗೆ ನೂಲು ಪೋಣಿಸಿ, ಒಂದು ದಿಂಬಿನ ಚೀಲ ಅಡಿಗಿಟ್ಟು ತುಳಿದಳು. ಮಿಷನ್ ಓಡಿತು. ಅವಳು ಬಟ್ಟೆ ತೆಗೆದು ಬೆಳಕಿಗೆ ಹಿಡಿದಳು. ಆರೇಳು ಹೊಲಿಗೆಗೆ ಒಂದು ತಪ್ಪಿತ್ತು.

"ಮನೆಗೆ ಹೋಗೋಣ. ಅಲ್ಲಿ ಸರಿ ಮಾಡ್ತೀನಿ," ಅಂದ ಅವನು.

ಅವಳು ರಾಶಿಯ ಕಡೆ ನೋಡಿದಳು. "ಮಿಷನ್ ಇಲ್ಲೇ ಇರ್ಲಿ. ಲಾಂಡ್ರಿಯವರು ದಿನಾ ಕೊಡ್ತೀವಿ ಅಂದಿದಾರೆ. ಕೈಯಲ್ಲಿ ಆಗ್ತಿರ್ಲಿಲ್ಲ, ಇನ್ನು ಆಗುತ್ತೆ."

ಅವನಿಗೆ ಅರ್ಥವಾಯಿತು. ಅವಳನ್ನು ಕರೆದುಕೊಂಡು ಹೋಗಲು ತಂದದ್ದು ಅವಳನ್ನು ಇಲ್ಲೇ ನಿಲ್ಲಿಸಿತ್ತು. ಆದರೂ ಈ ಸಲ ಅವನು ಕೇಳಿದ. "ಎಷ್ಟು ದಿನ?"

"ನೋಡೋಣ. ನನಗೂ ಗೊತ್ತಿಲ್ಲ."

ಅವನು ಮಿಷನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೂಜಿ ಪೂರ್ತಿ ಮೇಲಕ್ಕೆ ಕೂತಿರಲಿಲ್ಲ. ಸ್ಕ್ರೂ ಸಡಿಲಿಸಿ, ಸೂಜಿಯನ್ನು ಒಂದಿಷ್ಟು ಮೇಲೆ ತಳ್ಳಿ ಬಿಗಿ ಮಾಡಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಅವನ ಕೈ ಸ್ಕ್ರೂವರೆಗೂ ಹೋಗಿ ವಾಪಸ್ ಬಂತು.

"ಇದು ಒಂದೇ ಸಲಕ್ಕೆ ಸರಿಹೋಗೋದಲ್ಲ," ಅಂದ. ಅಷ್ಟು ವರ್ಷದ ಕೆಲಸದಲ್ಲಿ ಕಬ್ಬಿಣದ ವಿಷಯವಾಗಿ ಅವನು ಹೇಳಿದ ಮೊದಲ ಸುಳ್ಳು. "ಆಗಾಗ ಬಂದು ನೋಡ್ಬೇಕಾಗುತ್ತೆ."

ಇಪ್ಪತ್ತೆರಡು ವರ್ಷ ಆ ಸೂಜಿಯ ಮುಂದೆ ಕೂತವಳು ಸೂಜಿಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಹೂಂ," ಅಂದಳು. "ನಾಲ್ಕೈದು ಸಲ ಆದ್ರೂ ಬೇಕು ಅನ್ಸುತ್ತೆ."

ಅವನು ಒಬ್ಬನೇ ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವಳು ತಪ್ಪಿದ ಹೊಲಿಗೆಗಳನ್ನು ಬಿಚ್ಚಿ, ಮತ್ತೆ ಕೈಯಲ್ಲೇ ಹಾಕತೊಡಗಿದಳು.