ಕುಚ್ಚಿನಲ್ಲಿ ಬಂದ ಕರೆ

ದೆವ್ವ, ಶಕುನ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ವಾದ ಮಾಡುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಮಧ್ಯಾಹ್ನ ನೆನಪಾದರೆ ವಾದ ಮಾಡುವ ಧೈರ್ಯ ಉಳಿಯುವುದಿಲ್ಲ.

ಹುಣಸೂರಿನಲ್ಲಿ ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಕೆಲಸ ಕಲಿಸಿದವಳು ಪಕ್ಕದ ಮನೆಯ ಟೈಲರ್ ಮಗಳು ಶಮೀಮ್. ನನ್ನ ವಯಸ್ಸಿನವಳೇ, ಮಹಾ ಕಿಲಾಡಿ. ಒಂದು ದಿನ ಬಟ್ಟೆಯ ತುಂಡಿಗೆ ಮೂರು ಕುಚ್ಚು ಕಟ್ಟಿ ನನ್ನ ಕೈಗಿಟ್ಟು, "ಇದ್ರಲ್ಲಿ ನಿನ್ ಬಗ್ಗೆ ಒಂದ್ ಮಾತದೆ, ಓದು ನೋಡಾನ" ಎಂದಳು. ಗಂಟಿನ ಮೇಲಿನ ಮಣಿಗಳು ವರ್ಣಮಾಲೆಯ ಕ, ಚ, ಟ ಎಂದು ಹೋಗುವ ಸಾಲುಗಳಲ್ಲಿ ಎಷ್ಟನೆಯದು ಎಂಬುದು, ಕೆಳಗಿನವು ಆ ಸಾಲಿನ ಎಷ್ಟನೇ ಅಕ್ಷರ ಎಂಬುದು. ಗುಣಿತವನ್ನು ಓದುವವರೇ ಸೇರಿಸಿಕೊಳ್ಳಬೇಕು. ಇಷ್ಟು ಹೊಳೆಯಲು ನನಗೆ ಎರಡು ದಿನ ಹಿಡಿಯಿತು. ಬಿಡಿಸಿದರೆ ಬಂದದ್ದು 'ದಡ್ಡಿ'. ಆಮೇಲೆ ನಮ್ಮ ಪ್ರಾಣ ಹಿಂಡಿದ ಎಷ್ಟೋ ಗಿರಾಕಿಗಳು ನಮ್ಮ ಬೈಗುಳವನ್ನು ಸೆರಗಿನಲ್ಲಿ ಹೊತ್ತು ಮದುವೆಮನೆಗಳಿಗೆ ಹೋದರು. ಈ ಗುಟ್ಟು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಶಮೀಮ್ ಮದುವೆಯಾಗಿ ಸಾಲಿಗ್ರಾಮ ಸೇರಿದಳು. ಕೆಲವು ವರ್ಷಗಳ ಹಿಂದೆ ಅವಳಿಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಅಂದು ಊಟ ಮುಗಿಸಿ ನಾನು ಹಸಿರು ಸೀರೆಯೊಂದಕ್ಕೆ ಕುಚ್ಚು ಕಟ್ಟುತ್ತಿದ್ದೆ. ಪ್ರತಿ ಕುಚ್ಚಿಗೂ ಮೇಲೆ ಎರಡು ಮಣಿ, ಕೆಳಗೆ ಎರಡು. ರೂಢಿಯಾದ ಕೆಲಸ, ಟಿವಿ ನೋಡುತ್ತಲೇ ಕೈ ಆಡುತ್ತದೆ. ಕಣ್ಣು ಸೆರಗಿನತ್ತ ತಿರುಗಿದಾಗ ಕೊನೆಯ ಮೂರು ಕುಚ್ಚು ಬೇರೆಯಾಗಿದ್ದವು. ಐದು-ಮೂರು, ಒಂದು-ಮೂರು, ಐದು-ಮೂರು. ಬ, ಗ, ಬ. 'ಬೇಗ ಬಾ.'

ಬಿಚ್ಚಿದೆ. ಟಿವಿ ಆರಿಸಿ, ಎರಡು, ಎರಡು ಎಂದು ಬಾಯಲ್ಲಿ ಎಣಿಸಿಕೊಂಡೇ ಮತ್ತೆ ಕಟ್ಟಿದೆ. ನೋಡಿದರೆ ಅದೇ. ಶಮೀಮಳಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸೀರೆ ಹಾಗೇ ಬಿಟ್ಟು ಬಸ್ಸು ಹತ್ತಿದೆ. ಕೆ.ಆರ್. ನಗರದಲ್ಲಿ ಬಸ್ಸು ಬದಲಿಸುವಾಗಲೂ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಅವಳ ಮನೆ ಮುಂದೆ ಜನ ಸೇರಿರದಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಜನ ಇರಲಿಲ್ಲ. ಶಮೀಮ್ ಮಂಚದ ಮೇಲೆ ಕೂತಿದ್ದಳು. ಅವಳನ್ನು ಕಂಡದ್ದೇ ಅಳು ಬಂತು. ಚೆನ್ನಾಗಿ ಬೈಯೋಣ ಎಂದು ಅವಳ ಮುಖ ನೋಡಿದೆ. ನನಗಿಂತ ಹೆಚ್ಚು ಹೆದರಿದ್ದಳು.

"ಯಾಕ್ ಬಂದ್ಬುಟ್ಟೆ ಕಣೆ? ಮಾತಾಡುದ್ರೆ ನೀನು ಎದ್ದು ಬತ್ತೀಯ ಅಂತ್ಲೇ ನಾನು ಫೋನ್ ಎತ್ಲಿಲ್ಲ" ಎನ್ನುತ್ತಾ ಪಕ್ಕದಲ್ಲಿದ್ದ ನೀಲಿ ಸೀರೆಯನ್ನು ನನ್ನ ಮುಂದಿಟ್ಟಳು. "ಬೇಜಾರು ಕಳೀಲಿ ಅಂತ ಕಟ್ತಿದ್ದೆ. ಮೂರು ಸಲ ಬಿಚ್ಚಿವ್ನಿ."

ಕೊನೆಯಲ್ಲಿ ನಾಲ್ಕು ಕುಚ್ಚು. ಬೆರಳಿಟ್ಟು ಎಣಿಸಿದೆ. 'ಬರಬೇಡ.'

ವಾಪಸ್ ಬಸ್ಸಿದ್ದರೂ ಅಂದು ನಾನು ಹೊರಡಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು, ಏನಾಗುತ್ತದೋ ಎಂದು ಬಾಗಿಲ ಕಡೆ ನೋಡುತ್ತಾ ಕೂತೆವು. ಏನೂ ಆಗಲಿಲ್ಲ. ಅವಳೂ ಇದ್ದಾಳೆ, ನಾನೂ ಇದ್ದೇನೆ. ಕರೆದದ್ದು ಯಾರು, ತಡೆದದ್ದು ಯಾರು, ನಾನು ಹೋದದ್ದು ಸರಿಯೋ ತಪ್ಪೋ, ಇಂದಿಗೂ ಗೊತ್ತಾಗಿಲ್ಲ. ಶಮೀಮ್ ಮತ್ತೆ ಸೂಜಿ ಮುಟ್ಟಲಿಲ್ಲ. ನನಗೆ ಹೊಟ್ಟೆಪಾಡು, ಬರಿ ದಾರದ ಕುಚ್ಚು ಕಟ್ಟುತ್ತೇನೆ. ಮಣಿ ಹಾಕಿಕೊಡಿ ಎಂದು ಕೇಳಿದವರಿಗೆ, ಅದು ನನಗೆ ಬರುವುದಿಲ್ಲ ಎಂದು ಸುಳ್ಳು ಹೇಳುತ್ತೇನೆ.