ಕೆಂಪು ಬಣ್ಣದ ಸಾಹೇಬರು

ಆಡುಗಳ ರಕ್ತ ಪರೀಕ್ಷಿಸುವ ಕೆಂಪು ಬಣ್ಣದ ಸಾಹೇಬರು ದೊಡ್ಡಿಗೆ ಕಾಲಿಟ್ಟರೆ ಹೋತಗಳೂ ಮೆಲುಕು ನಿಲ್ಲಿಸುತ್ತವಂತೆ. ಬೂಟನ್ನು ಮೂರು ಸಲ ತೊಳೆಯುತ್ತಾರೆ. ಸೂಜಿ ಚುಚ್ಚುವಾಗ "ಆಯ್ತು ಕಂದಾ, ಆಯ್ತು" ಎಂದು ಆಡನ್ನು ರಮಿಸುತ್ತಾರೆ. ಸೋಂಕು ಕಂಡರೆ ಅದೇ ಕೈಯಿಂದ ಕೊಂಬಿಗೆ ಕೆಂಪು ಬಣ್ಣ ಬಳಿಯುತ್ತಾರೆ; ಆ ಹೆಸರು ಬಂದದ್ದೇ ಅದರಿಂದ. ಬಣ್ಣ ಬಳಿದ ಆಡನ್ನು ಕೊಂದು ಸಂಜೆಯೊಳಗೆ ಗುಂಡಿಗೆ ಸೇರಿಸಬೇಕು. ಆಡಿನ ಯಜಮಾನಿ ಕಣ್ಣೀರಿಟ್ಟರೂ ಒಂದೇ ಮಾತು: "ಒಂದನ್ನ ಬಿಟ್ರೆ ಎಲ್ಲಾನೂ ಬಿಟ್ಟ ಹಾಗೆ ಕಣಮ್ಮಾ." ಚಹಾ ಕೊಟ್ಟರೆ, "ಹಾಲು ಚೆನ್ನಾಗಿ ಕುದೀತಾ?" ಎಂದು ಕೇಳದೆ ಲೋಟ ಮುಟ್ಟುವವರಲ್ಲ. ಜನ ಮರೆಯಲ್ಲಿ ನಗುತ್ತಾರೆ. ಹಿಂದೊಮ್ಮೆ ಅವರು ಪರೀಕ್ಷಿಸದೆ ಬಿಟ್ಟದ್ದು ಒಂದೇ ಆಡನ್ನು, ತಮ್ಮ ಹಿತ್ತಲಿನದನ್ನು. "ನಮ್ಮನೇ ಆಡಿಗೆ ಏನಾಗತ್ತೆ?" ಎಂದು ತಾವೇ ಹಾಲು ಕರೆದು, ಬಸುರಿ ಮಗಳಿಗೆ ಹಸಿಯಾಗಿಯೇ ಕುಡಿಸಿದ್ದರು. ಆ ಆಡಿಗೂ ಸೋಂಕಿತ್ತು; ಕೂಸು ಹೊಟ್ಟೆಯಲ್ಲೇ ಹೋಯಿತು. ಅಂದಿನಿಂದ ಅವರ ಬಾಯಲ್ಲಿ "ಕಂದಾ" ಎಂಬ ಮಾತು ಬರುವುದು ದೊಡ್ಡಿಯಲ್ಲಿ ಮಾತ್ರ.